ಮೈನಸ್ ನಂಬರ್ ಏರ್ತಿದೆ: ಸ್ಟಡಿ ಟೇಬಲ್‌ಗೆ ಜೋರು ಲೈಟ್ ಹಾಕಿಸಿದ್ರೆ ಸಾಕಾ?

ಪ್ರಶ್ನೆ: ಮಗಳಿಗೆ 8 ವರ್ಷ. ಹೋದ ವರ್ಷ ಮೈನಸ್ 1.25 ಇತ್ತು, ಈಗ 2.00. ದಿನಾ ಎರಡು ಗಂಟೆ ಹೊರಗೆ ಆಡಿಸಿ ಅಂತಾರೆ ಡಾಕ್ಟ್ರು. ಅವಳು ಶಾಲೆಯಿಂದ ಬರೋದೇ ನಾಲ್ಕೂವರೆಗೆ. ಟೇಬಲ್‌ಗೆ ದೊಡ್ಡ ಎಲ್‌ಇಡಿ ಹಾಕಿಸಿದ್ರೆ ಆಗುತ್ತಾ? 5 ವರ್ಷದ ಮಗನಿಗೆ ಇನ್ನೂ ನಂಬರ್ ಬಂದಿಲ್ಲ.

ಉತ್ತರ (ಆಪ್ಟೋಮೆಟ್ರಿಸ್ಟ್): ಆಗಲ್ಲ ಮೇಡಂ. ಟೇಬಲ್ ಲೈಟು ಬೆಳಗೋದು ಪುಸ್ತಕವನ್ನ. ಟ್ಯೂಬ್‌ಲೈಟ್ ಕೋಣೆಯಲ್ಲಿ ಕಣ್ಣಿಗೆ ಸಿಗೋದು ಕೆಲವು ನೂರು ಲಕ್ಸ್ (ಬೆಳಕಿನ ಪ್ರಮಾಣ ಅಳೆಯೋ ಮಾನ) ಅಷ್ಟೇ. ಹಗಲು ಮರದ ನೆರಳಲ್ಲೇ ಸಾವಿರಗಟ್ಟಲೆ ಸಿಗುತ್ತೆ, ಮಧ್ಯಾಹ್ನದ ಬಯಲಲ್ಲಿ ಲಕ್ಷದ ಹತ್ತಿರ. ಅಷ್ಟು ಬೆಳಕಿಗೆ ಅಕ್ಷಿಪಟಲದಲ್ಲಿ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸೋ ಪದರ) ಡೋಪಮೈನ್ ಅನ್ನೋ ರಾಸಾಯನಿಕ ಹೆಚ್ಚು ಬಿಡುಗಡೆಯಾಗಿ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯೋದು ನಿಧಾನವಾಗುತ್ತೆ ಅನ್ನೋದು ಈಗಿರೋ ಮುಖ್ಯ ವಿವರಣೆ. ಗುಡ್ಡೆ 1 ಮಿ.ಮೀ. ಉದ್ದವಾದ್ರೆ ನಂಬರ್ ಹೆಚ್ಚುಕಮ್ಮಿ ಎರಡೂವರೆ ಏರುತ್ತೆ.

ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನ ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ನೋಡಿದ್ರು, ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ (ಅಂದ್ರೆ ಮೈನಸ್ ನಂಬರ್) ಬಂದಿದ್ದು 30.4%, ಉಳಿದ ಶಾಲೆಗಳಲ್ಲಿ 39.5%. ಇದು ನಂಬರ್ ಬರೋದನ್ನ ತಡೆದ ಲೆಕ್ಕ. ಬಂದಮೇಲೆ ಏರೋದನ್ನ ತಡೆಯೋದ್ರಲ್ಲಿ ಬೆಳಕಿನ ಬಲ ಕಮ್ಮಿ. ಹಾಗಾಗಿ ದಯವಿಟ್ಟು ಮಗನನ್ನ ಈಗಿಂದಲೇ ಹೊರಗೆ ಬಿಡಿ, ಲಾಭ ಹೆಚ್ಚು ಅವನಿಗೇ.

ಮಗಳಿಗೆ ಬೆಳಕೊಂದೇ ಸಾಲದು. ಕಣ್ಣಿನ ಫೋಕಸ್ ಸಡಿಲಿಸೋ ಡ್ರಾಪ್ಸ್ ಹಾಕಿಸಿ ನಂಬರ್ ಪರೀಕ್ಷೆ ಮಾಡಿಸಿ, ಇಲ್ಲದಿದ್ರೆ ಮಕ್ಕಳಲ್ಲಿ ಮೈನಸ್ ಜಾಸ್ತಿ ತೋರಿಸಬಹುದು. ಕಣ್ಣಿನ ಉದ್ದ ಆರು ತಿಂಗಳಿಗೊಮ್ಮೆ ಅಳೆಸಿ. ವರ್ಷಕ್ಕೆ 0.75 ಏರಿದೆ ಅಂದ್ರೆ ಕಡಿಮೆ ಪ್ರಮಾಣದ ಆಟ್ರೋಪಿನ್ ಕಣ್ಣಿನ ಹನಿ ಅಥವಾ ಮಯೋಪಿಯಾ ಕಂಟ್ರೋಲ್ ಲೆನ್ಸ್ (ನಂಬರ್ ಏರೋದನ್ನ ನಿಧಾನಿಸೋ ಲೆನ್ಸ್) ಬಗ್ಗೆ ಡಾಕ್ಟ್ರನ್ನ ಕೇಳಲೇಬೇಕು. ಏರದಿರಲಿ ಅಂತ ಕಮ್ಮಿ ನಂಬರಿನ ಕನ್ನಡಕ ಮಾತ್ರ ಹಾಕಿಸಬೇಡಿ.

ಪ್ರಶ್ನೆ: ನಾಲ್ಕೂವರೆ ಮೇಲೆ ಅಷ್ಟು ಬೆಳಕು ಇರುತ್ತಾ ಸರ್? ಟೋಪಿ ಹಾಕಬಹುದಾ? ಬಾಲ್ಕನಿ ನಡೆಯುತ್ತಾ?

ಉತ್ತರ: ಸಂಜೆ ಐದೂವರೆವರೆಗೂ ಬಯಲಲ್ಲಿ ಮನೆಯೊಳಗಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತೆ. ಎರಡು ಗಂಟೆ ಒಟ್ಟಿಗೇ ಆಗಬೇಕಿಲ್ಲ: ಬಸ್ ಕಾಯೋ ಹದಿನೈದು ನಿಮಿಷ, ಊಟದ ಬಿಡುವು ಎಲ್ಲಾ ಸೇರಿಸಿ. ಟೋಪಿ ಹಾಕಿ, ತೊಂದರೆಯಿಲ್ಲ. ಸೂರ್ಯನನ್ನ ನೇರ ನೋಡಬಾರದು ಅಂತ ಮಗುವಿಗೆ ಹೇಳಿಕೊಡಿ.

ಬಾಲ್ಕನಿಯನ್ನ ಅಳೆದೇ ನೋಡಿ. ಫೋನಿಗೆ ಲಕ್ಸ್ ಮೀಟರ್ ಆಪ್ ಹಾಕಿ, ಮಗುವಿನ ಕೆನ್ನೆ ಪಕ್ಕ ಹಿಡಿದು, ಮಗು ನೋಡೋ ದಿಕ್ಕಿಗೇ ಸ್ಕ್ರೀನ್ ತಿರುಗಿಸಿ (ಸೆನ್ಸರ್ ಸಾಮಾನ್ಯವಾಗಿ ಸ್ಕ್ರೀನ್ ಕಡೆ ಇರುತ್ತೆ). ಆಕಾಶಕ್ಕೆ ತೋರಿಸಿದ್ರೆ ಸುಳ್ಳು ಲೆಕ್ಕ ಬರುತ್ತೆ. ಆಪ್ ಹೇಳೋದು ಅಂದಾಜು ಮಾತ್ರ, ಆದರೂ 1,000 ದಾಟದಿದ್ರೆ ಆ ಜಾಗ ಬೇಡ. ಅದೇ ಬಾಲ್ಕನಿಯಲ್ಲಿ ಗೋಡೆ ಕಡೆ ಮುಖಮಾಡಿ ಕೂತ್ರೆ ಅಂಕಿ ಎಷ್ಟು ಇಳಿಯುತ್ತೆ ಅಂತ ಒಮ್ಮೆ ನೋಡಿ, ಕುರ್ಚಿ ಯಾವ ಕಡೆ ತಿರುಗಿಸಬೇಕು ಅಂತ ತಾನಾಗೇ ಗೊತ್ತಾಗುತ್ತೆ.