ಕೈಯಾರೆ ತರಕಾರಿ ಬಿಡಿಸುತ್ತಾಳೆ, ತಿನ್ನು ಅಂದರೆ ಬೇಡ ಅಂತಾಳೆ

ಪ್ರಶ್ನೆ: ಮೇಡಂ, ಮಗಳಿಗೆ ಐದು ವರ್ಷ. ತರಕಾರಿ ಅಂದರೆ ಆಗದು. ಜೊತೆಗಿಟ್ಟುಕೊಂಡು ಅಡುಗೆ ಮಾಡಿ, ತಿನ್ನುತ್ತಾಳೆ ಅಂದರು. ಈಗ ಕ್ಯಾರೆಟ್ ತೊಳೆಯುತ್ತಾಳೆ, ಬೀನ್ಸ್ ಮುರಿಯುತ್ತಾಳೆ, ಎಲ್ಲಾ ಖುಷಿಯಿಂದಲೇ. ಊಟಕ್ಕೆ ಕೂತರೆ ಮಾತ್ರ ಅದನ್ನೇ ಆರಿಸಿ ತಟ್ಟೆಯ ಅಂಚಿಗಿಡುತ್ತಾಳೆ. ಗೊತ್ತಾಗದ ಹಾಗೆ ರುಬ್ಬಿ ಹಾಕಿಬಿಡಲಾ?

ಆಹಾರ ತಜ್ಞೆ: ರುಬ್ಬಿ ಹಾಕಿ, ಆದರೆ ಕದ್ದು ಹಾಕಬೇಡಿ. ತುಂಡುಗಳನ್ನು ಮಿಕ್ಸಿ ಜಾರಿಗೆ ಅವಳೇ ತುಂಬಲಿ. ಗೊತ್ತಿಲ್ಲದೆ ತಿಂದರೆ ಪೋಷಕಾಂಶವೇನೋ ಸಿಗುತ್ತದೆ, ಕ್ಯಾರೆಟ್‌ನ ಪರಿಚಯ ಆಗುವುದಿಲ್ಲ. ಗುಟ್ಟು ಬಯಲಾದ ದಿನ, ಇಷ್ಟಪಟ್ಟು ತಿನ್ನುತ್ತಿದ್ದ ಪದಾರ್ಥದ ಮೇಲೂ ಅನುಮಾನ ಹುಟ್ಟುತ್ತದೆ.

ಹೊಸ ರುಚಿ ಒಗ್ಗಲು ಎಷ್ಟೋ ಮಕ್ಕಳಿಗೆ 8ರಿಂದ 15 ಸಲ ಬೇಕಾಗುತ್ತದೆ. ಮನೆಯವರು ಸಾಮಾನ್ಯವಾಗಿ ಮೂರ್ನಾಲ್ಕು ಸಲಕ್ಕೇ ‘ಇವಳಿಗೆ ಸೇರಲ್ಲ’ ಅಂತ ಕೈಬಿಡುತ್ತಾರೆ. ಮುಟ್ಟುವುದು, ಮೂಸುವುದು, ಬೀನ್ಸ್ ಮುರಿದಾಗಿನ ಸದ್ದು ಕೇಳುವುದು, ಇದೆಲ್ಲ ಬಾಯಿಗೆ ಹೋಗುವ ಮುಂಚಿನ ಹಂತ. ನಿಮ್ಮ ಮಗಳು ಆ ಹಂತ ದಾಟುತ್ತಿದ್ದಾಳೆ, ಅದು ಸಣ್ಣ ವಿಷಯವಲ್ಲ.

ದಯವಿಟ್ಟು ‘ನೀನೇ ಮಾಡಿದ್ದಲ್ವಾ, ತಿನ್ನು’ ಅನ್ನಬೇಡಿ. ಅಡುಗೆ ಮಾಡಿಸುವುದೇ ತಿನ್ನಿಸಲಿಕ್ಕೆ ಅಂತ ಅನಿಸಿದರೆ ನಾಳೆ ಅಡುಗೆಮನೆಗೂ ಬರಲ್ಲ. ಏನು ಬಡಿಸಬೇಕು, ಎಷ್ಟು ಹೊತ್ತಿಗೆ ಅನ್ನುವುದು ನಿಮ್ಮದು. ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದು ಅನ್ನುವುದು ಅವಳದ್ದು.

ಒಂದು ಕೆಲಸ ಮಾಡಿ ನೋಡಿ. ಒಂದೇ ಕ್ಯಾರೆಟನ್ನು ಸ್ವಲ್ಪ ಹಸಿಯಾಗಿ ತುರಿದು, ಸ್ವಲ್ಪ ಆವಿಯಲ್ಲಿ ಬೇಯಿಸಿ, ಸ್ವಲ್ಪ ಅಂಚು ಕೆಂಪಾಗುವವರೆಗೆ ಹುರಿದು ಇಡಿ. ‘ಯಾವುದು ಹೆಚ್ಚು ಸಿಹಿ?’ ಅಂತ ಅವಳನ್ನೇ ಕೇಳಿ. ಊಟದ ತಟ್ಟೆಯ ಮುಂದಲ್ಲ, ಅಡುಗೆ ಕಟ್ಟೆಯ ಹತ್ತಿರ ನಿಂತಾಗ. ಬಾಯಿಗೆ ಹಾಕಿಕೊಂಡು ಉಗಿದರೂ ಬೇಜಾರಾಗಬೇಡಿ, ಅದೂ ಒಂದು ಸಲದ ಲೆಕ್ಕವೇ.

ಪ್ರಶ್ನೆ ಕೇಳಿದವರು: ತುಂಬಾ ಸಮಾಧಾನ ಆಯ್ತು ಮೇಡಂ. ಆದರೆ ಅವಳಿಗೆ ದಿನಾ ಕೇಕೇ ಮಾಡಬೇಕು! ಸಕ್ಕರೆ ಬದಲು ಜೇನು ಹಾಕಿದರೆ ಪರವಾಗಿಲ್ವಾ?

ಆಹಾರ ತಜ್ಞೆ: ಜೇನೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ, ಹಣ್ಣಿನ ರಸ ಕೂಡ. ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯಲ್ಲಿ 10% ದಾಟಬಾರದು, 5%ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 1,300 ಕ್ಯಾಲೊರಿ ತಿನ್ನುವ ಮಗುವಿಗೆ ಈ 5% ಅಂದರೆ ಸುಮಾರು 16 ಗ್ರಾಂ, ನಾಲ್ಕು ಟೀ ಚಮಚ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಅವಳೇ ಹಿಸುಕಿ ಹಿಟ್ಟಿಗೆ ಸೇರಿಸಲಿ, ಸಕ್ಕರೆ ಬಹಳಷ್ಟು ಇಳಿಸಬಹುದು. ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅದಕ್ಕೆ ಜೇನು ಕೊಡಲೇಬೇಡಿ, ಬಾಟ್ಯುಲಿಸಂ ಎಂಬ ಕಾಯಿಲೆಯ ಅಪಾಯವಿದೆ.

ಮತ್ತೊಬ್ಬ ಸದಸ್ಯರು: ನನ್ನ ಮಗನಿಗೆ ಮೂರು ವರ್ಷ. ಚಾಕು ಕೊಡಬಹುದಾ?

ಆಹಾರ ತಜ್ಞೆ: ಹರಿತದ್ದು ಈಗ ಬೇಡ. ಸೊಪ್ಪು ಬಿಡಿಸಲಿ, ಬೆಣ್ಣೆ ಸವರುವ ಮೊಂಡು ಚಾಕುವಿನಲ್ಲಿ ಬಾಳೆಹಣ್ಣು ಕತ್ತರಿಸಲಿ. ಬೆರಳ ತುದಿ ಒಳಕ್ಕೆ ಮಡಚಿ ಹಿಡಿಯುವುದನ್ನು ಅದರಲ್ಲೇ ಕಲಿಸಿ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಸಿ. ಕಲಸಿದ ಹಸಿ ಹಿಟ್ಟನ್ನು ನೆಕ್ಕಲು ಬಿಡಬೇಡಿ, ಮೊಟ್ಟೆ ಇಲ್ಲದಿದ್ದರೂ ಹಿಟ್ಟಿನಲ್ಲೇ ರೋಗಾಣು ಇರಬಹುದು. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಿ, ಇಡೀ ಬಾದಾಮಿ, ಗೋಡಂಬಿ ಈ ವಯಸ್ಸಿಗೆ ಬೇಡ.