ಸಂಘರ್ಷದ ಸೀಮೆಯಲ್ಲಿ ಮೂರು ವರ್ಷದ ಪ್ರಾಜೆಕ್ಟ್: ಅನುಭವ ಇದ್ದವರು ಹೇಳಿ

ಹೊಸ ಪಿಎಂ: ಪ್ರಾಜೆಕ್ಟ್ ಮ್ಯಾನೇಜರ್ ಆಗಿ ದಕ್ಷಿಣ ಸುಡಾನ್‌ನ ಜೊಂಗ್ಲೆ ರಾಜ್ಯಕ್ಕೆ ಹೊರಟಿದ್ದೇನೆ. ಮೂರು ವರ್ಷದ ರೆಸಿಲಿಯೆನ್ಸ್ (ಪೆಟ್ಟು ಬಿದ್ದರೂ ಜನ ಚೇತರಿಸಿಕೊಳ್ಳುವ ಶಕ್ತಿ) ಕಾರ್ಯಕ್ರಮ: ಬೀಜ, ಮೇಕೆ, ಮಹಿಳಾ ಉಳಿತಾಯ ಗುಂಪು. ನಡುವೆ ಗಲಾಟೆ ಎದ್ದರೆ ತುರ್ತು ನೆರವಿಗೆ ತಿರುಗಿಸಲು ಬಜೆಟ್‌ನಲ್ಲಿ ಎಷ್ಟು ಎತ್ತಿಡಬೇಕು?

ಮೂರು ಬೀಗ: ಅದೇ ದೇಶದ ಯೇಯ್‌ನಲ್ಲಿ 22 ಉಳಿತಾಯ ಗುಂಪು ಕಟ್ಟಿದವನು ನಾನು. ಪೆಟ್ಟಿಗೆಗೆ ಮೂರು ಬೀಗ, ಕೀಲಿಗಳು ಮೂವರು ಹೆಂಗಸರ ಸೊಂಟದಲ್ಲಿ. ಡಿಸೆಂಬರ್ 2015ರಲ್ಲಿ ಅಲ್ಲಿನ ನಾಣ್ಯವಾದ ಪೌಂಡಿನ ನಿಗದಿ ದರ ಕೈಬಿಟ್ಟರು. ಡಾಲರಿಗೆ 3ರ ಹತ್ತಿರ ಇದ್ದದ್ದು 18 ದಾಟಿತು, ಮುಂದಿನ ವರ್ಷವೂ ಕುಸಿಯುತ್ತಲೇ ಹೋಯ್ತು. "ದುಡ್ಡಿನ ಬದಲು ಜೋಳ ಕೂಡಿಡೋಣ" ಅಂದಳು ಒಬ್ಬಾಕೆ. ಕೈಪಿಡಿಯಲ್ಲಿ ಇಲ್ಲ ಅಂತ ನಾನೇ ಬೇಡ ಅಂದೆ. ಇವತ್ತಿಗೂ ಚುಚ್ಚುತ್ತೆ. ಜುಲೈ 2016ರಲ್ಲಿ ಜುಬಾದಲ್ಲಿ ಹೊತ್ತಿದ ಜಗಳ ನಮ್ಮ ಕಡೆಗೂ ಬಂತು. ಒಬ್ಬಾಕೆ ಕೀಲಿ ಸಮೇತ ಉಗಾಂಡ ಗಡಿ ದಾಟಿದಳು. ಉಳಿದಿಬ್ಬರು ಸಲಾಕೆಯಿಂದ ಮೂರನೇ ಬೀಗ ಮುರಿದು, ಪುಸ್ತಕ ನೋಡಿ ಆಕೆಯ ಪಾಲನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಉಗಾಂಡದ 'ಬಿಡಿಬಿಡಿ' ಅನ್ನೋ ನಿರಾಶ್ರಿತರ ಶಿಬಿರಕ್ಕೆ ಒಯ್ದು ಕೊಟ್ಟರು. ಅಲ್ಲೇ ಗುಂಪು ಮತ್ತೆ ಶುರು. ನಮ್ಮ ವರದಿಯಲ್ಲಿ ಮಾತ್ರ ಅದು "ಮುಚ್ಚಿದ ಗುಂಪು".

ರೊಕ್ಕ ಕೊಡ್ರಿ: ಪೆಟ್ಟಿಗಿ, ಮ್ಯಾಕಿ ಎಲ್ಲಾ ಬಿಡ್ರಿ. 2011ರ ಜುಲೈದಾಗ ಸೊಮಾಲಿಯಾದೊಳಗ ಕ್ಷಾಮ ಘೋಷಣೆ ಆತು. ನಮ್ಮ ಕಡೆ ಧಾನ್ಯದ ಲಾರಿ ಹೋಗೂ ಹಂಗಿರಲಿಲ್ಲ, ಹವಾಲಾದವರ ಕೈಲೆ ರೊಕ್ಕ ಕಳಿಸಿದ್ವಿ. ಅಂಗಡಿ ತೆರದಿದ್ದವು, ಜನ ಕೊಂಡು ಉಂಡ್ರು. ತಾಪತ್ರಯ ಬ್ಯಾರೆ: ಶಿಬಿರದ ಜಾಗಾದ ಯಜಮಾನ ಪ್ರತಿ ಮನಿಯಿಂದ ಪಾಲು ಕಿತ್ಗೊಳ್ತಿದ್ದ. ನಮಗ ಗೊತ್ತಾಗಿದ್ದು ನಾಲ್ಕನೇ ಕಂತಿಗೆ, ಅದೂ ಒಬ್ಬ ಮುದುಕಿ ಹೆಬ್ಬೆಟ್ಟು ಒತ್ತೂ ಮುಂದ ಅತ್ತಾಗ. ಪಟ್ಟಿ ಹರದು ಹೊಸಾದು ಮಾಡಾಕ ಏಳು ವಾರ. ಆದ್ರೂ ಮ್ಯಾಕಿಗಿಂತ ವಾಸಿ.

ಪಶುವೈದ್ಯ: ಮೇಕೆ ಬಗ್ಗೆ ಹಗುರವಾಗಿ ಮಾತಾಡಬೇಡಿ. ನಾವು ಕೊಂಡ 340ರಲ್ಲಿ 61 ಸತ್ತವು, ಹನ್ನೊಂದೇ ದಿನದಲ್ಲಿ. ಪಿಪಿಆರ್, ಅಂದರೆ ಕುರಿ-ಮೇಕೆಗಳ ಸಾಂಕ್ರಾಮಿಕ ರೋಗ. ತಪ್ಪು ಮೇಕೆಯದಾ? ಅಗ್ಗ ಅಂತ ಖರೀದಿಯವರು ನಾಲ್ಕು ಸಂತೆಯಿಂದ ತಂದು, ಲಸಿಕೆಗೂ ಮೊದಲು ಒಂದೇ ದೊಡ್ಡಿಗೆ ತುಂಬಿದರು. ಲಸಿಕೆ ಫ್ರಿಜ್ಜಿನ ಜನರೇಟರ್‌ ನಿಂತಿತ್ತು, ಡೀಸೆಲ್ ಬಿಲ್ಲಿಗೆ ಮೂರು ಸಹಿ ಬೇಕಿತ್ತು! ಬದುಕಿದ 279ರಿಂದ ಮಕ್ಕಳಿಗೆ ಹಾಲು ಸಿಕ್ಕಿತು. ಅಂದಹಾಗೆ ಯಜಮಾನನ ಪಾಲನ್ನು ಯಾವ ಲೆಕ್ಕಕ್ಕೆ ಬರೆದಿರಿ?

ರೊಕ್ಕ ಕೊಡ್ರಿ: ನಿಮ್ಮ 61 ಮ್ಯಾಕಿ ಯಾವ ಲೆಕ್ಕಕ್ಕ ಬರದ್ರೋ, ಅದಕ್ಕ.

ಕಾಬೂಲ್ ಬಿಟ್ಟವಳು: ಇಬ್ಬರೂ ಸುಮ್ಮನಿರಿ. ಡಿಸೆಂಬರ್ 24, 2022ರಂದು ಎನ್‌ಜಿಒಗಳಲ್ಲಿ ಹೆಂಗಸರು ಕೆಲಸ ಮಾಡಕೂಡದು ಅಂತ ತಾಲಿಬಾನ್ ಆದೇಶ ಬಂತು. ನನ್ನ 14 ಸಮೀಕ್ಷಕಿಯರು ಮನೆಯಲ್ಲಿ. ವಿಧವೆಯರ ಮನೆಗೆ ಗಂಡಸರನ್ನು ಕಳಿಸುವ ಹಾಗಿಲ್ಲ. ಸಂಬಳ ಕೊಡುತ್ತಲೇ ಕೆಲಸ ನಿಲ್ಲಿಸಿದೆ. ಅವರಿಲ್ಲದೆ ನಡೆಸಿದ್ದರೆ ಆದೇಶಕ್ಕೆ ನಾನೇ ಮುದ್ರೆ ಒತ್ತಿದ ಹಾಗೆ.

ಮೂರು ಬೀಗ: ನಟ್ಟ ನಡು ಚಳಿಗಾಲದಲ್ಲಿ ನಿಲ್ಲಿಸಿದಿರಾ ಮೇಡಂ? ಆ ವಿಧವೆಯರನ್ನು ಕೇಳಿದಿರಾ?

ಕಾಬೂಲ್ ಬಿಟ್ಟವಳು: ಜೋಳ ಬೇಡ ಅಂದವರು ನೀವೇ ತಾನೆ? ನೀವು ಯಾರನ್ನು ಕೇಳಿದ್ದಿರಿ?

ಪಶುವೈದ್ಯ: ಈ ರೆಸಿಲಿಯೆನ್ಸ್‌ಗೆ ನಮ್ಮ ತರಬೇತಿಯಲ್ಲಿ 'ಪುಟಿದೇಳುವಿಕೆ' ಅಂತಿದ್ದರು. ಜನ ಏನು ಚೆಂಡಾ? 'ತಾಳಿಕೆ' ಅಂದರೆ ಸಾಕು.

ರೊಕ್ಕ ಕೊಡ್ರಿ: ತಾಳಿಕಿ ಅಂದ್ರ ಸುಮ್ಮ ಹೊಡತ ತಿನ್ನೂದು.

ಹೊಸ ಪಿಎಂ: ಎತ್ತಿಡುವ ಪಾಲಿನ ಬಗ್ಗೆ ಕೇಳಿದ್ದೆ…

ಪಶುವೈದ್ಯ: ನಾವು ಹತ್ತು ಪರ್ಸೆಂಟ್ ಇಟ್ಟಿದ್ದೆವು. ದುಡ್ಡಿತ್ತು. ಮುಟ್ಟಲು ಅನುಮತಿ ಬಂದದ್ದು 74ನೇ ದಿನ. ಅಷ್ಟರಲ್ಲಿ ಮಳೆ ಹಿಡಿದು ದಾರಿ ಮುಚ್ಚಿತ್ತು. ಏನು ಕಂಡರೆ, ಯಾರ ಒಂದು ಸಹಿಗೆ ಹಣ ಬಿಡುಗಡೆ ಅನ್ನೋದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಡೀಸೆಲ್‌ಗೂ.