ಅಡಿಕೆ ಮಾರಿದ ಹಣವನ್ನು ವರ್ಷವಿಡೀ ನಿಭಾಯಿಸುವುದು ಹೇಗೆ?

ಪ್ರಶ್ನೆ: ಪೆರ್ಲದ ಕೃಷಿಕ

ಮಾನ್ಯರೇ, ಕಾಸರಗೋಡು ಜಿಲ್ಲೆಯ ಎಣ್ಮಕಜೆಯಲ್ಲಿ ನಮಗೆ ಎರಡೆಕ್ರೆ ಅಡಿಕೆ ತೋಟವಿದ್ದು, ಮನೆಯ ಆದಾಯ ಬಹುಪಾಲು ಅದರಿಂದಲೇ ಬರುತ್ತದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದಾಗ ದೊಡ್ಡ ಮೊತ್ತ ಕೈಸೇರುತ್ತದೆ. ಆದರೆ ಮಕ್ಕಳ ಶಾಲೆಯ ಖರ್ಚು, ಗೊಬ್ಬರ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ಕೂಲಿ ಎಲ್ಲವೂ ಮಳೆಗಾಲದ ಆರಂಭಕ್ಕೆ ಒಟ್ಟಾಗಿ ಬರುವಷ್ಟರಲ್ಲಿ ಅದು ಕರಗಿರುತ್ತದೆ. ಧಾರಣೆ ಏರಲೆಂದು ಅಟ್ಟದಲ್ಲಿ ಉಳಿಸಿದ ಅಡಿಕೆಯನ್ನು ಮುಟ್ಟದೆ ಚಿನ್ನ ಅಡವಿಟ್ಟು ಸಾಲ ತರುವುದು ಮನೆಯ ರೂಢಿಯಾಗಿದೆ. ಊರಿನ ಸೇವಾ ಸಹಕಾರಿ ಬ್ಯಾಂಕಿನ ನಿರಖು ಠೇವಣಿ (ಫಿಕ್ಸೆಡ್ ಡಿಪಾಸಿಟ್), ಕೆಎಸ್‌ಎಫ್‌ಇ ಚಿಟ್ಟಿ, ಮ್ಯೂಚುವಲ್ ಫಂಡ್ ಇವುಗಳಲ್ಲಿ ನಮ್ಮಂಥವರಿಗೆ ಯಾವುದು ಹೊಂದುತ್ತದೆ?

ಉತ್ತರ: ಕುಂಬಳೆಯ ನಿವೃತ್ತ ಬ್ಯಾಂಕ್ ಉದ್ಯೋಗಿ

ಹೂಡಿಕೆಯ ಮಾತಿಗಿಂತ ಮೊದಲು ಆ ಚಿನ್ನದ ಸಾಲದ ಲೆಕ್ಕ ನೋಡಬೇಕು. ಕಿಲೋಗೆ 400 ರೂಪಾಯಿ ಧಾರಣೆಯಿದ್ದು, ಸಾಲದ ಬಡ್ಡಿ ವರ್ಷಕ್ಕೆ ಶೇ. 10 ಎಂದು ಇಟ್ಟುಕೊಳ್ಳಿ. ಆರು ತಿಂಗಳು ಕಾದರೆ ಬಡ್ಡಿಯೇ ಕಿಲೋಗೆ 20 ರೂಪಾಯಿ ಆಗುತ್ತದೆ. ಧಾರಣೆ 420 ದಾಟಿದ ಮೇಲೆಯೂ ಒಣಗಿ ತೂಕ ಇಳಿದದ್ದನ್ನು, ಹುಳ ಹಿಡಿದದ್ದನ್ನು ಕಳೆದು ಉಳಿಯುವುದಷ್ಟೇ ಲಾಭ. ಈ ಲೆಕ್ಕ ಹಾಕದೆ ಕಾಯುವುದು ಉಳಿತಾಯವಲ್ಲ, ಸಾಲದ ಹಣದಲ್ಲಿ ಮಾಡುವ ವ್ಯಾಪಾರ.

ಮಾರಿದ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಮನೆವಾರ್ತೆಗೆ ಬೇಕಾದಷ್ಟು ಮಾತ್ರ ಪ್ರತಿ ತಿಂಗಳ ಮೊದಲ ದಿನ ಮನೆಯ ಖಾತೆಗೆ ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಬರೆದುಕೊಡಿ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಿಂಪಡಣೆ, ಸುಮಾರು 40-45 ದಿನಗಳ ಬಳಿಕ ಇನ್ನೊಂದು ತಪ್ಪದ ಕಾರಣ, ಆ ಖರ್ಚನ್ನೂ ಶಾಲೆಯ ಖರ್ಚನ್ನೂ ಮೇ ಕೊನೆಯ ವಾರದಲ್ಲಿ ಅವಧಿ ಮುಗಿಯುವ ಠೇವಣಿಯಾಗಿ ಈಗಲೇ ತೆಗೆದಿಡುವುದು ಒಳ್ಳೆಯದು. ಬೆಳೆಸಾಲ ಬೇಕಾದರೆ ಕಿಸಾನ್ ಕ್ರೆಡಿಟ್ ಕಾರ್ಡ್ ಮೂಲಕ ಪಡೆಯಿರಿ. ನಿಗದಿತ ಮಿತಿಯೊಳಗಿನ ಸಾಲಕ್ಕೆ ಶೇ. 7ರ ಬಡ್ಡಿ ಇದ್ದು, ಗಡುವಿನೊಳಗೆ ತೀರಿಸಿದವರಿಗೆ ಶೇ. 3ರ ರಿಯಾಯಿತಿ ದೊರೆತು ಶೇ. 4ಕ್ಕೆ ಇಳಿಯುತ್ತದೆ.

ಉತ್ತರ: ಮುಳ್ಳೇರಿಯದ ಓದುಗ

ಮೇಲಿನ ಲೆಕ್ಕ ಸರಿ. ಆದರೂ ದಾಸ್ತಾನನ್ನು ಪೂರ್ತಿ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಸಾಮಾನ್ಯವಾಗಿ ಹೆಚ್ಚು ಧಾರಣೆ ಸಿಗುವುದು ಎಲ್ಲ ಕೃಷಿಕರಿಗೂ ತಿಳಿದ ಸಂಗತಿ. ಸಾಲವಿಲ್ಲದ ಮನೆ ಮೂರನೆಯ ಒಂದು ಪಾಲನ್ನು ಉಳಿಸಿ, ಒಮ್ಮೆಗೇ ಮಾರದೆ ಸ್ವಲ್ಪ ಸ್ವಲ್ಪವಾಗಿ ಮಾರಿದರೆ ತಪ್ಪಿಲ್ಲ.

ಇನ್ನು ಚಿಟ್ಟಿ. ಅದರಲ್ಲಿ ಸದಸ್ಯರೆಲ್ಲರ ಕಂತು ಸೇರಿದ ಮೊತ್ತವನ್ನು ತಿಂಗಳಿಗೊಬ್ಬರು ಏಲದಲ್ಲಿ (ಹರಾಜಿನಲ್ಲಿ) ಪಡೆಯುತ್ತಾರೆ, ಅವರು ಬಿಟ್ಟುಕೊಟ್ಟ ಹಣದಿಂದ ಎಲ್ಲರ ಕಂತು ಕಡಿಮೆಯಾಗುತ್ತದೆ. ಕೆಎಸ್‌ಎಫ್‌ಇ 1969ರಲ್ಲಿ ಆರಂಭವಾದ ಕೇರಳ ಸರ್ಕಾರದ ಸಂಸ್ಥೆಯಾದುದರಿಂದ ಭದ್ರತೆಯ ಚಿಂತೆ ಕಡಿಮೆ. ಆದರೆ ಒಂದು ಲಕ್ಷದ ಚಿಟ್ಟಿಯಲ್ಲಿ ಕೊನೆಯವರೆಗೆ ಕಾದವರಿಗೂ ಶೇ. 5ರ ಕಮಿಷನ್ ಕಳೆದು 95,000 ರೂಪಾಯಿಯೇ ಸಿಗುತ್ತದೆ. ಅವರ ಲಾಭವೆಲ್ಲ ಕಂತು ಕಡಿಮೆಯಾಗುವುದರಲ್ಲಿದೆ. ಬೇಗ ಏಲ ಹಿಡಿದವರಿಗೆ ಅದು ಸಾಲವೇ. ಅಲ್ಲದೆ ತಿಂಗಳು ತಿಂಗಳು ಕಂತು ಕಟ್ಟಬೇಕಾದುದರಿಂದ ವರ್ಷಕ್ಕೊಮ್ಮೆ ಆದಾಯ ಬರುವವರು ಆ ಕಂತುಗಳ ಹಣವನ್ನು ಮೊದಲೇ ಬೇರ್ಪಡಿಸಿಡಬೇಕಾಗುತ್ತದೆ.

ಉತ್ತರ: ಕುಂಬಳೆಯ ನಿವೃತ್ತ ಬ್ಯಾಂಕ್ ಉದ್ಯೋಗಿ

ಸಾಲವಿಲ್ಲದಿದ್ದರೆ ಎಂಬ ಷರತ್ತಿನೊಂದಿಗೆ ಒಪ್ಪುತ್ತೇನೆ. ಠೇವಣಿಯ ಬಗ್ಗೆ ಒಂದು ಮುಖ್ಯ ವಿಷಯ ಉಳಿದಿದೆ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯಿದೆ. ಈ ವಿಮೆ ರಾಜ್ಯಮಟ್ಟದ ಸಹಕಾರಿ ಬ್ಯಾಂಕಾದ ಕೇರಳ ಬ್ಯಾಂಕಿಗೆ ಅನ್ವಯಿಸುತ್ತದೆ, ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಾದ ಊರಿನ ಸೇವಾ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ. ಅವುಗಳಿಗೆ ರಾಜ್ಯದ ಪ್ರತ್ಯೇಕ ಠೇವಣಿ ಖಾತರಿ ಯೋಜನೆಯಿದ್ದು, ನಿಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯಿರಿ. ನಮ್ಮ ಕೃಷಿಯನ್ನು ಎತ್ತಿ ಹಿಡಿದ ಸಂಘಗಳ ಬಗ್ಗೆ ನನಗೆ ಗೌರವವಿದೆ. ಆದರೂ ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಡಬಾರದು.

ದೀರ್ಘಕಾಲಕ್ಕೆ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ನಿಮ್ಮ ಆದಾಯದ ರೀತಿಗೆ ಚೆನ್ನಾಗಿ ಹೊಂದುತ್ತದೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ ರೂಪಾಯಿಯನ್ನು ಒಂದೇ ಸಲ ಕಟ್ಟಬಹುದು. ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ದೊರೆಯುತ್ತದೆ. ಅವಧಿ 15 ವರ್ಷ. ಷೇರು ಆಧಾರಿತ ಮ್ಯೂಚುವಲ್ ಫಂಡಿಗೆ ಕನಿಷ್ಠ ಏಳೆಂಟು ವರ್ಷ ಬೇಡವಾದ ಹಣವನ್ನು ಮಾತ್ರ ಹಾಕಿ, ಅದೂ ಚಿನ್ನದ ಸಾಲ ತೀರಿದ ಮೇಲೆ.